ಮೊದಲ ಬೋರು ಈಶಾನ್ಯಕ್ಕೆ

ಕೃಷ್ಣಮೂರ್ತಿಪುರಂನ ಚೂಡಾಮಣಿ ನೆಲವನ್ನು ನಂಬುವವರಲ್ಲ. ಮನುಷ್ಯರನ್ನು ನಂಬುತ್ತಾರೆ, ಪಂಚಾಂಗವನ್ನು ನಂಬುತ್ತಾರೆ, ದಸರಾ ಹೊತ್ತಿಗೆ ತಮ್ಮ ಬೀದಿಯ ಹಳ್ಳ ಮುಚ್ಚಿಯೇ ಮುಚ್ಚುತ್ತಾರೆ ಎಂದು ಪ್ರತಿ ವರ್ಷ ಹೊಸದಾಗಿ ನಂಬುತ್ತಾರೆ. ಕಾಲ ಕೆಳಗಿನ ಮಣ್ಣಿನ ವಿಷಯ ಬಂದರೆ ಮಾತ್ರ ಅವರಷ್ಟು ಅನುಮಾನದ ಪ್ರಾಣಿ ಇಡೀ ಮೈಸೂರಿನಲ್ಲಿಲ್ಲ. ಯಾರ ಮನೆಗೆ ಹೋದರೂ ಅಂಗಳದಲ್ಲಿ ಒಂದು ಗಳಿಗೆ ನಿಂತು ಹಿಮ್ಮಡಿಯಿಂದ ಒತ್ತಿ ನೋಡುತ್ತಾರೆ. ಮದುವೆ ಛತ್ರದ ಗೋಡೆಯಲ್ಲಿ ಬಿರುಕು ಕಂಡರೆ ಆರತಕ್ಷತೆಯ ಸಾಲು ಬಿಟ್ಟು ಅದರ ಮುಂದೆ ಹೋಗಿ ನಿಲ್ಲುತ್ತಾರೆ. ಹುಡುಗಿ ಹೇಗಿದ್ದಾಳೆ ಎಂದು ಕೇಳಿದವರಿಗೆ, "ಹುಡುಗಿ ಲಕ್ಷಣವಾಗಿದ್ದಾಳೆ, ಛತ್ರ ಕುಸೀತಾ ಇದೆ" ಎಂದು ಹೇಳಿ ಬೀಗರ ಮುಖ ಕಪ್ಪಿಡಿಸಿದ್ದೂ ಉಂಟು.

ಅವರ ಕಸುಬೇ ಅಂಥದ್ದು. ಗಾಳಿಯಿಂದ ಕರೆಂಟು ತೆಗೆಯುವ ಎತ್ತರದ ಬಿಳಿ ಕಂಬಗಳಿವೆಯಲ್ಲ, ಮೂರು ರೆಕ್ಕೆ ತಿರುಗಿಸುತ್ತಾ ನಿಂತಿರುತ್ತವೆ, ಅವುಗಳಿಗೆ ಪಾಯದ ವಿನ್ಯಾಸ ಮಾಡಿಕೊಡುವುದು. ಮನೆಯ ಮಹಡಿಯ ಮೇಲಿನ ಕೋಣೆಯೇ ಆಫೀಸು. ಈ ಕೆಲಸದ ದುಃಖವೆಂದರೆ, ಮಾಡಿದ್ದನ್ನು ತೋರಿಸುವ ಹಾಗಿಲ್ಲ. ನೆಂಟರಲ್ಲಿ ಒಬ್ಬ ಸೇತುವೆ ಕಟ್ಟಿದವನಿದ್ದಾನೆ. ಊರಿಗೆ ಹೋಗುವಾಗ ಅದರ ಮೇಲೆ ಕಾರು ನಿಲ್ಲಿಸಿ ಎಲ್ಲರನ್ನೂ ಇಳಿಸಿ ಫೋಟೋ ತೆಗೆಸುತ್ತಾನೆ. ಚೂಡಾಮಣಿ ಕಟ್ಟಿದ್ದು ಎಲ್ಲಿದೆ ಎಂದರೆ ಮಣ್ಣಿನ ಕೆಳಗೆ. ಮೇಲೆ ಜೋಳ ಬೆಳೆದಿರುತ್ತದೆ.

"ನಮ್ಮವಳದು ಆಕಾಶದ ವ್ಯವಹಾರ, ಪಾತಾಳದಲ್ಲಿ ಆಫೀಸು" ಎಂದು ಅವರ ಗಂಡ ಸುಂದರೇಶ ಬಂದವರಿಗೆಲ್ಲ ಹೇಳುತ್ತಾರೆ. ಅಂಚೆ ಇಲಾಖೆಯಿಂದ ನಿವೃತ್ತರಾದ ಮೇಲೆ ಸುಂದರೇಶರಿಗೆ ಹೆಂಡತಿಯನ್ನು ಕೆಣಕುವುದೊಂದೇ ಪೂರ್ಣಾವಧಿ ಕೆಲಸ. ಅದನ್ನು ಅವರು ನಿಷ್ಠೆಯಿಂದ ಮಾಡುತ್ತಾರೆ.

ಮನೆಯ ಪಾಯಕ್ಕೂ ಗಾಳಿಕಂಬದ ಪಾಯಕ್ಕೂ ಅಜಗಜಾಂತರ. ಮನೆ ಒಮ್ಮೆ ಕೂತರೆ ಕೂತ ಹಾಗೆ. ಗಾಳಿಕಂಬ ಕೂರುವುದೇ ಇಲ್ಲ. ಹಗಲೂ ಇರುಳೂ ಗಾಳಿ ಅದನ್ನು ಪಕ್ಕಕ್ಕೆ ನೂಕುತ್ತದೆ, ಅದು ಪಾಯವನ್ನು ಮೀಟುತ್ತದೆ, ಪಾಯ ಮಣ್ಣನ್ನು ಒಂದು ಕಡೆ ಅದುಮಿ ಇನ್ನೊಂದು ಕಡೆ ಎತ್ತಲು ನೋಡುತ್ತದೆ. ಕೆಳಗೆ ಬಂಡೆಯಿದ್ದರೆ ತಂಟೆಯಿಲ್ಲ. ಮೆದು ಮಣ್ಣಿದ್ದರೆ ಪಾಯದ ಅಂಚು ಬೆರಳುದ್ದ ತಗ್ಗಿದರೂ ಸಾಕು, ಮೇಲೆ ಕಂಬದ ತುದಿ ಮೊಳದುದ್ದ ವಾಲಿರುತ್ತದೆ. ಆದ್ದರಿಂದ ಚೂಡಾಮಣಿ ಯಾವ ಮಣ್ಣನ್ನೂ ನಂಬದೆ ಅಗಲವಾದ, ದಪ್ಪನಾದ ಪಾಯ ಬರೆಯುತ್ತಿದ್ದರು. ಕಂಪನಿಗಳವರು ಬೆನ್ನ ಹಿಂದೆ ಅವರನ್ನು ದಪ್ಪ ಪಾಯದ ಮೇಡಂ ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು, ನಕ್ಕು ಸುಮ್ಮನಾಗುತ್ತಿದ್ದರು, ಒಳಗೊಳಗೆ ಚುಚ್ಚುತ್ತಲೂ ಇತ್ತು.

ನೆಲದ ಒಳಗೇನಿದೆ ಎಂದು ಅವರಿಗೆ ತಿಳಿಸುತ್ತಿದ್ದವನು ವಿದ್ಯಾರಣ್ಯಪುರಂನ ರವಿಚಂದ್ರ. ನೀರಿಗಲ್ಲ, ಮಣ್ಣು ನೋಡುವುದಕ್ಕೆಂದೇ ಬೋರು ಕೊರೆಯುವ ಗುತ್ತಿಗೆದಾರ. ತಿ. ನರಸೀಪುರದ ಕಡೆಯ ಒಕ್ಕಲು ಮನೆತನದವನು. ಎರಡು ಕೈಗೂ ಉಂಗುರ, ಎರಡು ಜೇಬಿಗೂ ಫೋನು, ಬಾಯಿಗೆ ಮಾತ್ರ ಬೀಗವಿಲ್ಲ. ಇವರಿಬ್ಬರ ಜಗಳ ಸೈಟಿನ ಕೂಲಿಯವರಿಗೆ ಪುಕ್ಕಟೆ ನಾಟಕವಾಗಿತ್ತು. ಇನ್ನೂ ಆಳಕ್ಕೆ ಕೊರೆ ಎಂದು ಇವರು, ಬಂಡೆ ಸಿಕ್ಕಾಯ್ತು ಎಂದು ಅವನು; ಅದು ಬಂಡೆಯಲ್ಲ ಬರೀ ಗುಂಡುಕಲ್ಲು ಎಂದು ಇವರು, ಹಾಗಾದರೆ ನೀವೇ ಇಳಿದು ನೋಡಿ ಬನ್ನಿ ಎಂದು ಅವನು. ಚೂಡಾಮಣಿ ಒಂದು ಮಾತು ಅಂದರೆ ಅವನು ನಾಲ್ಕು ಅನ್ನುತ್ತಿದ್ದ. ಆದರೂ ಇನ್ನೊಬ್ಬನ ಯಂತ್ರವನ್ನು ಅವರು ತಮ್ಮ ಕೆಲಸಕ್ಕೆ ಕರೆದವರಲ್ಲ.

ಇಬ್ಬರೂ ಜಗಳವಿಲ್ಲದೆ ಒಪ್ಪಿದ್ದ ನಿಯಮ ಒಂದೇ: ಮೊದಲ ಬೋರು ಈಶಾನ್ಯಕ್ಕೆ. ಚೂಡಾಮಣಿ ಸಣ್ಣಪುಟ್ಟ ಮನೆಗಳ ಕೆಲಸ ಹಿಡಿಯುತ್ತಿದ್ದ ಕಾಲದಲ್ಲಿ ಶುರು ಮಾಡಿದ ಪದ್ಧತಿ ಅದು. ಈಶಾನ್ಯ ದೇವಮೂಲೆ, ಅಲ್ಲಿ ಕಾಯಿ ಒಡೆದು, ಅರಿಶಿನ ಕುಂಕುಮ ಇಟ್ಟು, ಮೊದಲು ಅಲ್ಲೇ ಕೊರೆಯುವುದು, ಆಮೇಲೆ ಬೇಕಾದ ಕಡೆ. "ಇದು ಮೂಢನಂಬಿಕೆ ಅಲ್ಲ ಕಣ್ರೀ, ಶಿಸ್ತು" ಎಂದು ಅವರು ಕೇಳದವರಿಗೂ ವಿವರಿಸುತ್ತಿದ್ದರು. ಮನೆ ಸೈಟಿನಲ್ಲಿ ಈಶಾನ್ಯ ಮೂಲೆಗೂ ನಡುಮಧ್ಯಕ್ಕೂ ನಾಲ್ಕು ಹೆಜ್ಜೆ. ದೇವರಿಗೂ ಸಂತೋಷ, ಲೆಕ್ಕಕ್ಕೂ ನಷ್ಟವಿಲ್ಲ.

ಈ ಬೇಸಿಗೆಯಲ್ಲಿ ಚಾಮರಾಜನಗರದ ಆಚೆ ಎರೆಮಣ್ಣಿನ ಹೊಲಗಳಲ್ಲಿ ಒಂದು ಗಾಳಿಕಂಬದ ಕೆಲಸ ಬಂತು. ಕಂಪನಿಯ ಮ್ಯಾನೇಜರು ಯೋಗೇಂದ್ರ, ಊಟ ಮಾಡುವಾಗಲೂ ನಿಂತೇ ಇರುವಂಥ ಅವಸರದ ಆಸಾಮಿ. ಸಾಮಾನ್ಯವಾಗಿ ಒಂದೊಂದು ಕಂಬದ ಜಾಗದಲ್ಲಿ ಹಲವು ಬೋರು ಕೊರೆಸುವುದು ವಾಡಿಕೆ. ಈ ಸಲ ಒಂದೇ ಸಾಕು ಎಂದು ಅವನು ಹಟ ಹಿಡಿದ. ಚೂಡಾಮಣಿ ಗೊಣಗುತ್ತಲೇ ಒಪ್ಪಿದರು. ರವಿಚಂದ್ರನಿಗೆ ಫೋನಿನಲ್ಲಿ, "ಒಂದೇ ಬೋರು ರವಿಚಂದ್ರ, ನೆಟ್ಟಗೆ ಹೊಡೀರಿ. ಪೂಜೆ ಗೀಜೆ ಎಲ್ಲ ಮಾಮೂಲಿನಂತೆ" ಎಂದರು.

ವರದಿ ಬಂತು. ಮೇಲೆ ಎರೆಮಣ್ಣು, ಸ್ವಲ್ಪ ಕೆಳಗೇ ಗಟ್ಟಿ ಗರಸು, ಸುತ್ತಿಗೆ ಏಟಿಗೆ ಜಗ್ಗದ ನೆಲ. ಚೂಡಾಮಣಿಗೆ ಹಬ್ಬವಾಯಿತು. ಜೀವಮಾನದಲ್ಲಿ ಮೊದಲ ಬಾರಿ ಅವರು ಒಂದು ತೆಳುವಾದ, ಚೊಕ್ಕವಾದ ಪಾಯ ಬರೆದರು. ಯೋಗೇಂದ್ರ ಫೋನು ಮಾಡಿ, "ಮೇಡಂ, ಇದು ನಿಮ್ಮ ಡ್ರಾಯಿಂಗೇನಾ? ಎಷ್ಟು ಸ್ಲಿಮ್ಮಾಗಿದೆ!" ಎಂದ. ಆ ಮಾತನ್ನು ಅವರು ಸುಂದರೇಶರಿಗೆ ಹೇಳಿದರು, ಪಕ್ಕದ ಮನೆಯವರಿಗೆ ಹೇಳಿದರು, ಹೂವಿನವಳಿಗೂ ಹೇಳಿದರು. ಹೂವಿನವಳು ಅದನ್ನು ಅವರ ಮೈಕಟ್ಟಿನ ವಿಷಯವೆಂದು ತಿಳಿದು, "ಊಂ ಕಣಮ್ಮ, ವಸಿ ಇಳ್ದಿದೀರಿ" ಎಂದಳು.

ಸೈಟಿನಲ್ಲಿ ಪಾಯದ ಹಳ್ಳ ತೋಡಿದ್ದಾಯಿತು. ಬೇಸಿಗೆಯ ಎರೆಮಣ್ಣು, ತಳ ಒಣಗಿ ಕಲ್ಲಿನಂತೆ ಬಿರುಕು ಬಿಟ್ಟಿತ್ತು. ಅದರ ಕೆಳಗೇ ಗರಸಿದೆ ಎಂದು ವರದಿಯೇ ಹೇಳಿದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ನಾಳೆ ಕಬ್ಬಿಣ ಇಳಿಸುವುದು, ನಾಡಿದ್ದು ಕಾಂಕ್ರೀಟು ಸುರಿಯುವುದು ಎಂಬಲ್ಲಿಗೆ ಬಂದ ದಿನವೇ ವಿದ್ಯಾರಣ್ಯಪುರಂನಲ್ಲಿ ರವಿಚಂದ್ರನ ಹೊಸ ಮನೆಯ ಗೃಹಪ್ರವೇಶ.

ಚೂಡಾಮಣಿ ದಂಪತಿ ಹೋದರು. ಬಾಗಿಲಲ್ಲೇ ಅವರು ಹಿಮ್ಮಡಿ ಒತ್ತಿ ನೋಡಿ, ಪರವಾಗಿಲ್ಲ ಎಂಬಂತೆ ತಲೆಯಾಡಿಸಿದರು. ರವಿಚಂದ್ರನ ತಾಯಿ ದೇವಿರಮ್ಮ, ರೇಷ್ಮೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ ತಾವೇ ಬಡಿಸಲು ನಿಂತಿದ್ದರು. ಎಲೆಗೆ ಹೋಳಿಗೆ ಬಿತ್ತು, ತುಪ್ಪ ಬಿತ್ತು. ಪಕ್ಕದ ಸಾಲಿನಲ್ಲಿ ಕೂತ ನೆಂಟರಿಗೆ ರವಿಚಂದ್ರ ತನ್ನ ಮೇಡಂನ ಹಿರಿಮೆ ಹೇಳತೊಡಗಿದ.

"ಎಷ್ಟು ಓದವ್ರೆ ಅಂದ್ಕಂಡಿದೀರಿ? ಆದ್ರೂ ದೇವಮೂಲೆ ಬುಟ್ಟೋರಲ್ಲ. ಮೊನ್ನೆ ಗಾಳಿಕಂಬದ ಜಾಗ, ಎಳ್ಡೆಕ್ರೆ! ಈ ಕೊನೆಯಿಂದ ಆ ಕೊನೆಗೆ ಮಿಷನ್ನು ಎಳ್ಕಂಡೋಗಿ ಈಶಾನ್ಯಕ್ಕೇ ಹೊಡ್ಸುದ್ನಲ್ಲಾ! ಏರಿ ಮೇಲೆ, ಗಟ್ಟಿ ನೆಲ, ಮಿಷನ್ನು ಬೆವತೋಯ್ತು!"

ಚೂಡಾಮಣಿಯ ಕೈ ಹೋಳಿಗೆಯ ಮೇಲೇ ನಿಂತಿತು. "ಈಶಾನ್ಯಕ್ಕೆ ಹೊಡೆದ್ರಿ. ಸರಿ. ಸೆಂಟರ್‌ಗೆ?"

"ಸೆಂಟರ್‌ಗೆ ಯಾಕ್ ಮೇಡಂ? ಒಂದೇ ಬೋರು ಅಂದ್ರಲ್ಲ. ಮಾಮೂಲಿನಂತೆ ಅಂದ್ರಲ್ಲ."

ಎರಡು ಎಕರೆಯ ಜಾಗ. ಈಶಾನ್ಯದಲ್ಲಿ ಏರಿ, ಅಲ್ಲಿ ಗರಸು. ಅಲ್ಲಿಂದ ಇಳಿಜಾರು, ನಡುವಿನಲ್ಲಿ ಹಿಂದೆಂದೋ ಹೂಳು ತುಂಬಿ ಮುಚ್ಚಿಹೋಗಿ ಈಗ ಹೊಲದಂತೆ ಕಾಣುವ ಕೆರೆಯ ಅಂಗಳ. ಕಂಬ ನಿಲ್ಲುವುದು ಅಲ್ಲಿ. ಅದರ ಕೆಳಗೆ ಏನಿದೆ ಎಂದು ಭೂಮಿಯ ಮೇಲೆ ಯಾರೂ ನೋಡಿಲ್ಲ.

ಆಮೇಲೆ ಚೂಡಾಮಣಿ ಆಡಿದ ಮಾತುಗಳನ್ನೆಲ್ಲ ಇಲ್ಲಿ ಬರೆಯುವುದು ಬೇಡ. ತಲೆಯಲ್ಲಿ ಏನು ತುಂಬಿಕೊಂಡಿದ್ದೀರಿ ಎಂದರು, ಕಂಬ ಬಿದ್ದರೆ ನಿಮ್ಮ ಉಂಗುರ ಅಡ್ಡ ಕೊಡುತ್ತೀರಾ ಎಂದರು, ಇಷ್ಟು ವರ್ಷ ನಿಮ್ಮನ್ನು ನಂಬಿದ್ದೇ ನನ್ನ ತಪ್ಪು ಎಂದರು. ಅವನ ಮನೆಯಲ್ಲಿ, ಅವನ ನೆಂಟರ ನಡುವೆ, ಸೌಟು ಹಿಡಿದು ನಿಂತಿದ್ದ ಅವನ ತಾಯಿಯ ಎದುರಿಗೆ. ಎಲೆ ಬಿಟ್ಟು ಎದ್ದು, ಕೈ ತೊಳೆದು ಹೊರಟೇಬಿಟ್ಟರು. ಸುಂದರೇಶ ಎರಡನೇ ಹೋಳಿಗೆಯನ್ನು ಕಣ್ಣಲ್ಲೇ ಬೀಳ್ಕೊಟ್ಟು ಹಿಂಬಾಲಿಸಿದರು. ರವಿಚಂದ್ರ ಒಂದೂ ಮಾತಾಡಲಿಲ್ಲ.

ಆಟೋದಲ್ಲಿ ಸುಂದರೇಶ ಅದನ್ನೇ ಎತ್ತಿದರು. "ಅವನು ವಾಪಸ್ ಏನೂ ಅನ್ಲಿಲ್ಲ, ಗಮನಿಸಿದ್ಯಾ?"

"ಅನ್ನೋಕೆ ಏನಿದೆ? ತಪ್ಪು ಮಾಡಿದಾನೆ."

"ಇರಬಹುದು. ಆದ್ರೆ ತಪ್ಪು ಮಾಡಿದಾಗೆಲ್ಲ ಅವನು ಜೋರಾಗೇ ಕಿರುಚ್ತಾ ಇದ್ದ. ಇವತ್ತು ಬಾಯಿ ಮುಚ್ಚಿಕೊಂಡ. ಅಲ್ಲ ಕಣೇ, ಆ ಈಶಾನ್ಯದ ರೂಲ್ಸು ಯಾರದ್ದು?"

ಚೂಡಾಮಣಿ ಆಟೋ ಮೀಟರನ್ನೇ ನೋಡುತ್ತಾ ಕೂತರು. ನಿಯಮ ಅವರದು, ಒಂದೇ ಬೋರು ಎಂದವರು ಅವರು, ಮಾಮೂಲಿನಂತೆ ಎಂದವರೂ ಅವರು. ನಡುವಿನಲ್ಲಿ ಹೊಡಿ ಎಂದು ಹೇಳುವುದನ್ನು ಮಾತ್ರ ಮರೆತಿದ್ದರು. ಹೇಳಬೇಕಾದ ಅಗತ್ಯವಿದೆ ಎಂದೇ ಹೊಳೆದಿರಲಿಲ್ಲ. ಜಗತ್ತಿನ ಮಣ್ಣನ್ನೆಲ್ಲ ಅನುಮಾನಿಸಿದ ಹೆಂಗಸು ತನ್ನ ಅಭ್ಯಾಸವನ್ನು ಒಂದು ಸಲವೂ ಅನುಮಾನಿಸಿರಲಿಲ್ಲ ನೋಡಿ.

ಮನೆ ತಲುಪಿ ಯೋಗೇಂದ್ರನಿಗೆ ಫೋನು ಮಾಡಿದರು. ಕಬ್ಬಿಣ ಇಳಿಸಬೇಡಿ, ಹಳ್ಳದ ನಡುವೆ ಇನ್ನೊಂದು ಬೋರು ಆಗಲೇಬೇಕು ಎಂದರು. ಆಚೆ ಕಡೆಯಿಂದ ಲಾರಿ, ಕ್ರೇನು, ಕಾಂಕ್ರೀಟು, ಮೇಲಿನವರು ಎಲ್ಲರ ಹೆಸರಿನಲ್ಲೂ ಒಂದೊಂದು ಆರ್ತನಾದ ಬಂತು. ಕೊನೆಗೆ ಅವನು ಕೇಳಿದ: "ಹೇಗಾಯ್ತು ಮೇಡಂ ಇದು?"

"ಬೋರು ಬೇರೆ ಜಾಗದಲ್ಲಿ ಬಿದ್ದಿದೆ" ಎಂದರು ಚೂಡಾಮಣಿ.

"ಗೊತ್ತಾಯ್ತು ಬಿಡಿ. ಆ ರವಿಚಂದ್ರ ಇನ್ನು ನಮ್ಮ ಗೇಟಿನೊಳಗೆ ಕಾಲಿಡಬಾರದು. ಬೇರೆ ಕಂಪನಿಯವರಿಗೂ ಹೇಳ್ತೀನಿ."

ಈಗ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದ ಹೆಸರು, ಮೊನ್ನೆಯಷ್ಟೇ ಸಿಕ್ಕ ಹೊಗಳಿಕೆ, ಎರಡೂ ಸೇರಿ ಬಾಯಿಗೆ ಅಡ್ಡ ಕೂತವು. ಹೇಳಲಿಲ್ಲ. ಫೋನು ಇಟ್ಟ ಮೇಲೆ ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು. ಒಂದು ಕಂಬ ವಾಲುವುದನ್ನು ತಡೆದು, ಒಬ್ಬ ಮನುಷ್ಯನನ್ನು ಕೆಡವಿದ್ದರು.

ಬೆಳಗಾಗುತ್ತಲೇ ವಿದ್ಯಾರಣ್ಯಪುರಂಗೆ ಓಡಿದರು. ಚಪ್ಪರ ಇನ್ನೂ ಬಿಚ್ಚಿರಲಿಲ್ಲ. ನಡುವೆ ಇನ್ನೊಂದು ಬೋರು ಬೇಕಾಗುತ್ತದೆಂದು ತಾನೇ ಊಹಿಸಿ ರವಿಚಂದ್ರ ಯಂತ್ರದ ಲಾರಿ ತರಲು ಹೋಗಿದ್ದಾನೆ ಎಂದರು ದೇವಿರಮ್ಮ. ಚೂಡಾಮಣಿ ಹೊಸ್ತಿಲಲ್ಲೇ ನಿಂತು, "ದೇವಿರಮ್ಮನೋರೇ, ನಿನ್ನೆ..." ಎಂದು ಶುರು ಮಾಡಿದರು.

"ನಿನ್ನೆದು ಇರ್ಲಿ. ಎಲೆ ಬುಟ್ಟು ಎದ್ದೋದ್ರಲ್ಲ, ಹೊಸ ಮನೇಲಿ ಅಂಗ್ ಮಾಡ್ತರಾ? ಬನ್ನಿ ಒಳೀಕೆ, ಕುಂತ್ಕಳಿ."

"ಹೊತ್ತಿಲ್ಲ, ಸೈಟಿಗೆ ಹೋಗಬೇಕು..."

"ಮಣ್ಣು ಎಲ್ಲೂ ಓಡೋಗಕಿಲ್ಲ. ಕುಂತ್ಕಳಿ ಅಂದೆ."

ಹೀಗೆ, ಇಡೀ ಕಂಪನಿ ಕಾಯುತ್ತಿರುವಾಗ, ಹಲ್ಲುಜ್ಜಿ ಕಾಫಿಯನ್ನೂ ಕುಡಿಯದ ಚೂಡಾಮಣಿ ಬಾಳೆ ಎಲೆಯ ಮುಂದೆ ಕೂತು ಹಿಂದಿನ ದಿನದ ಹೋಳಿಗೆಯನ್ನು ತಿಂದರು. ದೇವಿರಮ್ಮ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಒಂದು ಮುಗಿದ ಕೂಡಲೇ ಇನ್ನೊಂದು ಹಾಕಿದರು. ಕ್ಷಮೆ ಕೇಳಲು ಬಾಯಿ ತೆರೆದಾಗೆಲ್ಲ ತುಪ್ಪ ಬೀಳುತ್ತಿತ್ತು. ಕೊನೆಗೆ ಕ್ಷಮೆ ಹೊರಬರಲೇ ಇಲ್ಲ. ಲಾರಿ ಬಾಗಿಲಿಗೆ ಬಂದು ಹಾರ್ನ್ ಹೊಡೆಯಿತು.

ನಂಜನಗೂಡು ದಾಟಿ ಸೈಟು ಮುಟ್ಟುವವರೆಗೂ ಲಾರಿಯಲ್ಲಿ ರವಿಚಂದ್ರ ಪಕ್ಕದಲ್ಲೇ ಕೂತಿದ್ದ. ಇವರು ರಸ್ತೆ ಚೆನ್ನಾಗಿಲ್ಲ ಎಂದರೆ "ಊಂ ಮೇಡಂ". ಬಿಸಿಲು ಜಾಸ್ತಿ ಎಂದರೆ "ಊಂ ಮೇಡಂ". ಆ ವಿನಯವನ್ನು ಸಹಿಸುವುದಕ್ಕಿಂತ ಬೈಸಿಕೊಳ್ಳುವುದು ಸುಖವಾಗಿತ್ತು.

ಸೈಟಿನ ಗೇಟಿನಲ್ಲಿ ಯೋಗೇಂದ್ರ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಕ್ರೇನಿನವರು, ಕಬ್ಬಿಣ ಕಟ್ಟುವವರು, ಎಲ್ಲರೂ ಕೆಲಸವಿಲ್ಲದೆ ಅವನ ಹಿಂದೆ ಗುಂಪುಗೂಡಿದ್ದರು. "ಮೇಡಂ, ನೀವು ಬನ್ನಿ. ಈ ಮನುಷ್ಯ ಬೇಡ. ಬೇರೆ ಮಿಷನ್ ತರಿಸ್ತೀನಿ."

ಚೂಡಾಮಣಿ ಲಾರಿಯಿಂದ ಇಳಿದರು. ಹೊಟ್ಟೆಯಲ್ಲಿ ಹೋಳಿಗೆ ಭಾರವಾಗಿತ್ತು. "ಯೋಗೇಂದ್ರ, ಕೇಳಿ. ಮೊದಲ ಬೋರು ಈಶಾನ್ಯಕ್ಕೆ ಹೊಡೀಬೇಕು ಅಂತ ನನ್ನ ನಿಯಮ. ನಡುವೆ ಹೊಡೀರಿ ಅಂತ ನಾನು ಹೇಳಲಿಲ್ಲ. ಇವರು ಹೇಳಿದ ಹಾಗೆ ಮಾಡಿದರು. ತಪ್ಪು ಪೂರ್ತಿ ನಂದು. ನಿನ್ನೆ ಫೋನಲ್ಲಿ ಹೇಳಬೇಕಿತ್ತು, ನಾಚಿಕೆ ಆಯ್ತು, ಹೇಳಲಿಲ್ಲ."

ಯೋಗೇಂದ್ರ ಸೊಂಟದ ಮೇಲಿನ ಕೈ ಇಳಿಸಿ, "ಈಶಾನ್ಯಾನಾ?" ಎಂದ. "ವಾಸ್ತುನಾ ಮೇಡಂ? ವಿಂಡ್‌ಮಿಲ್ಲಿಗಾ? ಅಡುಗೆಮನೆ ಯಾವ ಕಡೆ ಇಡೋಣ?" ಕ್ರೇನಿನವರು ಬಿದ್ದು ಬಿದ್ದು ನಕ್ಕರು. ಕಬ್ಬಿಣದವರು ಅವರಿಗಿಂತ ಜೋರಾಗಿ ನಕ್ಕರು. ಚೂಡಾಮಣಿ ಕೆಂಪಗೆ ನಿಂತು ಅಷ್ಟನ್ನೂ ನುಂಗಿದರು. ತಮಾಷೆ ಅಂದರೆ, ಅವಮಾನ ಅಂದುಕೊಂಡಷ್ಟು ಕಹಿಯಾಗಿರಲಿಲ್ಲ. ಹಿಂದಿನ ದಿನದ ಮೌನಕ್ಕಿಂತ ಇದು ಎಷ್ಟೋ ವಾಸಿಯಾಗಿತ್ತು.

ಯಂತ್ರ ಹಳ್ಳಕ್ಕೆ ಇಳಿಯಿತು. ಮೇಲಿನ ಒಣ ಮಣ್ಣು ಕಟಕಟ ಎಂದು ಕೊರೆಯಿಸಿಕೊಂಡಿತು. ನಗು ಇನ್ನೂ ಪೂರ್ತಿ ನಿಂತಿರಲಿಲ್ಲ. ಮಣ್ಣಿನ ಗಟ್ಟಿತನ ಅಳೆಯಲು ಕಬ್ಬಿಣದ ಸರಳನ್ನು ತೂತಿನೊಳಗೆ ಬಿಟ್ಟು ಸುತ್ತಿಗೆಯಿಂದ ಹೊಡೆಯಬೇಕು. ಎಷ್ಟು ಏಟಿಗೆ ಎಷ್ಟು ಇಳಿಯಿತು ಎಂಬುದೇ ಪರೀಕ್ಷೆ. ಸರಳನ್ನು ಬಿಟ್ಟರು. ಸುತ್ತಿಗೆ ಎತ್ತುವ ಮೊದಲೇ ಸರಳು ತನ್ನ ಭಾರಕ್ಕೆ ತಾನೇ, ಮೊಸರಿನಲ್ಲಿ ಚಮಚ ಇಳಿದಂತೆ, ಇಳಿಯುತ್ತಾ ಹೋಯಿತು. ಇನ್ನೊಂದು ಸರಳು ಜೋಡಿಸಿದರು. ಅದೂ ಇಳಿಯಿತು. ಮೇಲೆ ಬಂದ ಮಣ್ಣು ಕಪ್ಪಗೆ, ಒದ್ದೆಯಾಗಿ, ಹಳೆಯ ಕೆರೆಯ ವಾಸನೆ ಹೊಡೆಯುತ್ತಿತ್ತು. ಯೋಗೇಂದ್ರ ಮೊದಲ ಬಾರಿಗೆ ಕೆಳಗೆ ಕೂತುಕೊಂಡ.

"ನಾಳೆ ಇದರ ಮೇಲೆ ಕಾಂಕ್ರೀಟ್ ಸುರೀತಿದ್ವಾ?" ಎಂದ ಮೆಲ್ಲಗೆ.

"ಸುರೀತಿದ್ರಿ" ಎಂದರು ಚೂಡಾಮಣಿ. "ಇಲ್ಲಿ ಪಾಯ ಸುಮ್ಮನೆ ಕೂರೋ ಹಾಗಿಲ್ಲ. ಬಂಡೆ ಸಿಗೋವರೆಗೂ ಕಾಂಕ್ರೀಟಿನ ಕಾಲು ಇಳಿಸಿ, ಅದರ ಮೇಲೆ ಕೂರಿಸಬೇಕು. ಈ ಸಲ ಬಹಳ ದಪ್ಪ ಇರುತ್ತೆ, ಹೇಳ್ಬಿಟ್ಟಿದ್ದೀನಿ." ಯೋಗೇಂದ್ರ ತಲೆಯಾಡಿಸಿದ. ರವಿಚಂದ್ರನ ಕಡೆ ತಿರುಗಿ, ಮಿಷನ್ನು ಇಲ್ಲೇ ಇರಲಿ, ಬೇರೆ ಯಾರೂ ಬೇಡ ಎಂದ.

ಮಧ್ಯಾಹ್ನ ಲಾರಿಯ ನೆರಳಿನಲ್ಲಿ ಇಬ್ಬರೇ ಕೂತಾಗ ಚೂಡಾಮಣಿ ಕೇಳಿಯೇಬಿಟ್ಟರು. "ಎಲ್ಲರ ಮುಂದೆ ಒಪ್ಪಿಕೊಂಡೆನಲ್ಲ ರವಿಚಂದ್ರ. ಇನ್ನೂ ಯಾಕೆ ಸುಮ್ಮನಿದ್ದೀರಿ? ಬಯ್ಯಿರಿ ಒಂದಷ್ಟು."

ರವಿಚಂದ್ರ ಉಂಗುರ ತಿರುಗಿಸುತ್ತಾ ಕೂತಿದ್ದ. "ಇವ್ರ ಮುಂದೆ ಒಪ್ಕಂಡ್ರಿ ಮೇಡಂ. ಸಂತೋಷ. ಬೈದಿದ್ದು ಇವ್ರ ಮುಂದೆ ಅಲ್ವಲ್ಲ."

ಚೂಡಾಮಣಿ ಕೈ ಚಾಚಿದರು. ಅವನು ಅರ್ಥವಾಗದೆ ನೋಡಿದ. ಜೇಬಿನಿಂದ ಅವನ ಫೋನನ್ನು ಅವರೇ ಎಳೆದುಕೊಂಡು, ಅವ್ವ ಎಂದಿದ್ದ ಹೆಸರನ್ನು ಒತ್ತಿ, ಸ್ಪೀಕರಿಗೆ ಹಾಕಿದರು.

"ದೇವಿರಮ್ಮನೋರೇ, ಚೂಡಾಮಣಿ. ಬೆಳಗ್ಗೆ ಹೇಳೋಕೆ ಬಂದಿದ್ದೆ, ಆಗಲಿಲ್ಲ. ನಿನ್ನೆ ನಿಮ್ಮ ಮುಂದೆ ನಿಮ್ಮ ಮಗನಿಗೆ ಅಂದಿದ್ದೆಲ್ಲ ತಪ್ಪು. ಅವರದೇನೂ ಇಲ್ಲ. ತಪ್ಪು ಮಾಡಿದೋಳು ನಾನು."

ಆಚೆ ಪಾತ್ರೆ ತೊಳೆಯುವ ಸದ್ದು ನಿಂತಿತು. "ಗೊತ್ತು ಕಣವ್ವ. ನಿನ್ನೇನೇ ಯೋಳ್ದ. ಯಾರ್ಗೂ ಯೋಳ್ಬ್ಯಾಡ, ಮೇಡಮ್ಮೋರ ಹೆಸರು ಕೆಡ್ತದೆ ಅಂತ ನನ್ ತಾವ ಆಣೆ ಇಸ್ಕಂಡ."

ಚೂಡಾಮಣಿ ಫೋನನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದರು. "ಗೊತ್ತಿದ್ದೂ... ಗೊತ್ತಿದ್ದೂ ಬೆಳಗ್ಗೆ ನನಗೆ ಹೋಳಿಗೆ ಬಡಿಸಿದ್ರಾ?"

"ಇನ್ನೇನ್ ಮಾಡನ? ಹಸ್ಕಂಡ್ ಬಂದಿದ್ರಿ" ಎಂದರು ದೇವಿರಮ್ಮ.